ಕಣ್ಣು ಮುಚ್ಚಿ ನಿಲ್ಲುವಾಗ

ಮೊನ್ನೆ ಹಾಸನದ ಕ್ಲಿನಿಕ್ಕಿನಲ್ಲಿ ನರ್ಸು ಒಂದು ಪುಟ್ಟ ಗಾಜಿನ ಸೀಸೆಯ ಕತ್ತು ಮುರಿದಳು. ಒಳಗಿದ್ದದ್ದು ಕೆಂಪು ಔಷಧಿ. ಸಿರಿಂಜಿಗೆ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಾಗ ದಾಳಿಂಬೆ ರಸದ ಹಾಗೆ ಕಂಡಿತು. "ಆ ಕಡೆ ನೋಡಿ ಮೇಡಂ, ಗೊತ್ತೇ ಆಗಲ್ಲ" ಎಂದಳು. ಸೂಜಿಗೆ ಹೆದರುವವಳು ಎಂದುಕೊಂಡಳೋ ಏನೋ. ಸೂಜಿಗೂ ಹೆದರುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಆವತ್ತು ನಾನು ಹೆದರಿದ್ದು ಆ ಬಣ್ಣ ಕಂಡು. ಅದೇ ಕೆಂಪನ್ನು ಎಷ್ಟೋ ವರ್ಷಗಳ ಹಿಂದೆ ಇದೇ ಊರಿನಲ್ಲಿ ಇನ್ನೊಬ್ಬರ ತೋಳಿನ ಪಕ್ಕ ನಿಂತು ನೋಡಿದ್ದೆ...

ನಾನು ಹುಟ್ಟಾ ಪುಕ್ಕಲಿ. ನಮ್ಮೂರು ಹಳ್ಳಿಮೈಸೂರಿಗೆ ಹತ್ತಿರದ ಒಂದು ಸಣ್ಣ ಹಳ್ಳಿ. ಚಿಕ್ಕವಳಿದ್ದಾಗ ಮನೆಯಲ್ಲಿ ಸಾಕಿದ್ದ ಕುರಿಮರಿಯನ್ನು ಮಾರಿಹಬ್ಬಕ್ಕೆ ಕಡಿದರು. ಅದು ನನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ ಮರಿ. ಆವತ್ತು ಹೆದರಿ ಜ್ವರ ಬಂದು ಮಲಗಿದವಳು ಮತ್ತೆ ಮಾಂಸ, ಮೊಟ್ಟೆ ಮುಟ್ಟಲಿಲ್ಲ. "ನಮ್ ಮನೇಲಿ ಐನೋರ ಮಗ್ಳು ಉಟ್ಬುಟ್ಟವ್ಳೆ" ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಮದುವೆಯಾದ ಮೇಲಾದರೂ ಭಯ ಬಿಟ್ಟೀತು ಅಂದರೆ, ಸಿಕ್ಕ ಗಂಡ ಕರೆಂಟು ಕಂಬ ಹತ್ತುವ ಲೈನ್‌ಮ್ಯಾನ್. ಊರಲ್ಲಿ ದೀಪ ಹೋದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಗಂಡನ ಕೆಲಸ ಹೊಳೆನರಸೀಪುರದಲ್ಲಿ. ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿರಬೇಕು. ಕೋಟೆಯ ಹತ್ತಿರ ಒಂದು ವಠಾರದಲ್ಲಿ ಮನೆ ಹಿಡಿದೆವು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ನಾಲ್ಕು ಮನೆ. ಎದುರು ಮನೆಯಲ್ಲಿ ಒಬ್ಬರು ವಿಧವೆ ಇದ್ದರು. ಗಂಡ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರಾಗಿದ್ದು ತೀರಿಕೊಂಡಿದ್ದರಿಂದ ವಠಾರವೆಲ್ಲ ಅವರನ್ನು ಮೇಷ್ಟ್ರಮ್ಮ ಎನ್ನುತ್ತಿತ್ತು. ಮಕ್ಕಳಿರಲಿಲ್ಲ. ತವರು ಸಂಗೀತಕ್ಕೆ ಹೆಸರಾದ ರುದ್ರಪಟ್ಟಣ. ಆ ಊರಿನವರಾದ ಮೇಲೆ ಕೇಳಬೇಕೆ, ಮಡಿ ನೀರು ಸೇದುವಾಗಲೂ ಏನಾದರೂ ಗುನುಗುತ್ತಿದ್ದರು. ಮಡಿಯಲ್ಲಿದ್ದಾಗ ಯಾರೂ ಹತ್ತಿರ ಸುಳಿಯುವ ಹಾಗಿರಲಿಲ್ಲ. ಊಟವಾದ ಮೇಲೆ ಅವರೇ ಬಂದು ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಲೋಕದ ಮಾತೆಲ್ಲ ಆಡುತ್ತಿದ್ದರು.

ಅವರ ಮನೆ ಹೆಸರಾಗಿದ್ದು ಮೊಸರಿಗೆ. ಕಲ್ಲಿನ ಮರಿಗೆಯಲ್ಲಿ ಹೆಪ್ಪು ಹಾಕುತ್ತಿದ್ದರು. ಚಾಕುವಿನಲ್ಲಿ ಕುಯ್ಯಬಹುದಾದ ಗಟ್ಟಿ ಮೊಸರು, ಹುಳಿಯಿಲ್ಲ, ನೀರೊಡೆಯುವುದಿಲ್ಲ. ಬೀದಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪಿಗೆ ಅವರ ಬಾಗಿಲಿಗೇ ಬರಬೇಕು. "ಮೊಸರಿಲ್ಲದ ಊಟ ಊಟವೇನೇ? ಹೋಗೋ ದಿನಾನೂ ಮೊಸರನ್ನ ಉಂಡೇ ಹೋಗೋಳು ನಾನು" ಎನ್ನುತ್ತಿದ್ದರು. ಈ ಮಾತು ನನಗೆ ಆಮೇಲೆ ಬಹಳ ಸಲ ನೆನಪಾಗಿದೆ.

ನನ್ನ ಮೊದಲ ಬಸಿರು ಐದು ತಿಂಗಳಿಗೆ ಹೋಯಿತು. ಎರಡನೆಯದು ನಿಂತಾಗ ಸಂತೋಷಕ್ಕಿಂತ ದಿಗಿಲೇ ಹೆಚ್ಚು. ಆಸ್ಪತ್ರೆಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ. ಹೀಗೇ ಇದ್ದರೆ ಹೆರಿಗೆ ಹೊತ್ತಿಗೆ ನಿನಗೂ ಕಷ್ಟ, ಮಗುವಿಗೂ ಕಷ್ಟ" ಎಂದರು. ಕಬ್ಬಿಣದ ಕೆಂಪು ಮಾತ್ರೆ, ಜೊತೆಗೆ ಬಿ-ಕಾಂಪ್ಲೆಕ್ಸ್ ಎಂದು ಇನ್ನೊಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ವಾಂತಿ. ಸಾಲದ್ದಕ್ಕೆ ನನ್ನ ಆರೈಕೆಗೆಂದು ಬಂದಿದ್ದ ಅವ್ವ ಕಿವಿಯಲ್ಲಿ ಬೇರೆ ಊದಿದ್ದಳು: "ಆ ಮಾತ್ರೆ ತಿಂದ್ರೆ ಕೂಸು ದಪ್ಪ ಆಯ್ತದೆ ಕಣವ್ವ. ಆಮೇಲೆ ಎರಿಗೆ ಆಗಕಿಲ್ಲ, ಒಟ್ಟೆ ಕುಯ್ತಾರೆ." ಹೊಟ್ಟೆ ಕುಯ್ಯುತ್ತಾರೆ ಅಂದರೆ ನನ್ನಂಥವಳು ಇನ್ನು ಕೇಳುತ್ತೇನೆಯೇ. ದಿನಾ ಮಾತ್ರೆಯನ್ನು ಬಚ್ಚಲ ಹಿಂದಿನ ಮೋರಿಗೆ ಎಸೆಯತೊಡಗಿದೆ.

ಮೋರಿಯ ನೀರಿನಲ್ಲಿ ಕೆಂಪು ಬಣ್ಣ ಬಿಟ್ಟುಕೊಂಡು ಬಿದ್ದಿದ್ದ ಮಾತ್ರೆ ಮೇಷ್ಟ್ರಮ್ಮನ ಕಣ್ಣಿಗೆ ಬಿತ್ತು. ಕೂಗಾಡಲಿಲ್ಲ. ಮರುದಿನ ಊಟದ ಹೊತ್ತಿಗೆ ಬಂದು ನನ್ನ ಮುಂದೆ ನಿಂತರು. "ಎಲ್ಲಿ, ಬಾಯಿ ತೆಗಿ. ನುಂಗು. ನೀರು ಕುಡಿ. ನಾಲಿಗೆ ಎತ್ತು." ನಾಲಿಗೆಯ ಕೆಳಗೂ ನೋಡಿದರು. ಅವ್ವ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. "ನೋಡಮ್ಮಾ" ಎಂದರು ಅವಳ ಕಡೆ ತಿರುಗಿ, "ಮಗು ದಪ್ಪ ಆದ್ರೆ ಆಗ್ಲಿ, ಎತ್ಕೊಳಕ್ಕೆ ನಾನಿದೀನಿ. ನಿನ್ ಮಗಳಿಗೆ ಏನಾದ್ರೂ ಆದ್ರೆ ಏನ್ ಮಾಡ್ತೀಯ?"

ಆವತ್ತಿನಿಂದ ದಿನವೂ ಅದೇ ಪಾಳಿ. ತಲೆ ಸುತ್ತುತ್ತಿದ್ದುದರಿಂದ ನಾನು ಬಾವಿಕಟ್ಟೆಯ ಮೆಟ್ಟಿಲು ಹತ್ತುವಾಗ ಅವರು ಹಿಂದೆ ನಿಂತು ಎರಡೂ ಕೈ ಚಾಚಿರುತ್ತಿದ್ದರು. ಮುಟ್ಟುತ್ತಿರಲಿಲ್ಲ, ಮಡಿ. ಬಿದ್ದರೆ ಹಿಡಿಯುವುದಕ್ಕೆ. ಬಿದ್ದಾಗ ಮಡಿ ಏನಾಗುತ್ತೆ ಎಂದು ಒಮ್ಮೆ ಕೇಳಿದೆ. "ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು. ನೀ ಹತ್ತು ಸುಮ್ನೆ" ಎಂದರು.

ಏಳು ತಿಂಗಳಾದಾಗ ಅವರ ತವರಿನ ಕಡೆಯವರು ಕಾಶಿಗೆ ಯಾತ್ರೆ ಬಸ್ಸು ಹೊರಡಿಸಿದರು. ವರ್ಷಗಳಿಂದ ಕಾಯುತ್ತಿದ್ದ ಯಾತ್ರೆ. ಅವರು ಹೊರಡುವ ಹಿಂದಿನ ದಿನ ನನಗೆ ಸ್ವಲ್ಪ ರಕ್ತ ಕಂಡಿತ್ತು. ಡಾಕ್ಟರಮ್ಮ ಅಲುಗಾಡದೆ ಮಲಗು ಎಂದಿದ್ದರು. ಮೊದಲ ಸಲವೂ ಹೀಗೆಯೇ ಶುರುವಾಗಿತ್ತು. ಅವರು ಚೀಲ ಹಿಡಿದು ಹೇಳಿ ಹೋಗಲು ಬಂದಾಗ ನಾನು ಹಾಸಿಗೆಯಲ್ಲೇ ಗೋಳೋ ಎಂದು ಅತ್ತೆ. "ನೀವು ಬರೋದ್ರೊಳಗೆ ಇದೂ ಹೋಗತ್ತೆ" ಎಂದೆ. ಅವರು ಏನೂ ಹೇಳದೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಹೊರಗೆ, ಬಸ್ಸಿನವರೆಗೆ ಬಿಡಲು ಬಂದಿದ್ದ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ...

ಅವರು ವಾಪಸು ಬಂದಾಗ ನಾನು ಹಾಗೆಯೇ ಇದ್ದೆ, ಹೊಟ್ಟೆಯೂ ಹಾಗೆಯೇ ಇತ್ತು. ನನ್ನ ಕೈಗೆ ಕಾಶಿದಾರ ಕಟ್ಟಿದರು. ಗಂಗೆಯ ಗಿಂಡಿಯನ್ನು ದೇವರ ಗೂಡಿನಲ್ಲಿಟ್ಟರು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಸಾಯುವವರೆಗೂ ಅದನ್ನು ತಿನ್ನಬಾರದು ಎಂಬುದು ರೂಢಿ. ವಠಾರದ ಹೆಂಗಸರು ಸುತ್ತ ಸೇರಿ, ಏನು ಬಿಟ್ಟು ಬಂದಿರಿ ಎಂದು ಕೇಳಿದರು. ಮೂಲೆಮನೆಯಾಕೆ, "ನಮ್ಮತ್ತೆ ಹಾಗಲಕಾಯಿ ಬಿಟ್ಟು ಬಂದ್ರು. ಹುಟ್ಟಿದಾಗಿಂದ ಒಂದು ಹೋಳು ಬಾಯಿಗಿಟ್ಟೋರಲ್ಲ" ಎಂದಳು. ಎಲ್ಲರೂ ನಕ್ಕರು. ಮೇಷ್ಟ್ರಮ್ಮನೂ ನಕ್ಕರು. "ನಾನೂ ಏನೋ ಒಂದು ಬಿಟ್ಟೆ ಬಿಡಿ. ಅದನ್ನೆಲ್ಲ ಹೇಳ್ಕೋಬಾರದು" ಎಂದು ಎದ್ದುಹೋದರು. ಹಾಗಲಕಾಯಿಯೋ ತೊಂಡೆಕಾಯಿಯೋ ಇರಬೇಕು ಎಂದುಕೊಂಡೆವು.

ಮಗ ಹುಟ್ಟಿದ. ದಪ್ಪನೂ ಅಲ್ಲ, ಸಣ್ಣವನೂ ಅಲ್ಲ, ಹೊಟ್ಟೆ ಕುಯ್ಯಲಿಲ್ಲ. ಅವನ ಪಾಲನೆ ಅರ್ಧ ಎದುರು ಮನೆಯಲ್ಲೇ ಆಯಿತು. ಒಂಬತ್ತು ತಿಂಗಳಿಗೆ ಅಂಗನವಾಡಿಯಲ್ಲಿ ವಿಟಮಿನ್ ಎ ಹನಿ ಹಾಕಿಸಲು ನನಗಿಂತ ಮೊದಲು ಅವರೇ ಹೊರಟು ನಿಂತರು. ಆ ಕಿತ್ತಳೆ ಬಣ್ಣದ ಎಣ್ಣೆಯನ್ನು ಅವನು ಉಗಿಯದ ಹಾಗೆ ಕೆನ್ನೆ ಹಿಡಿದು ಕುಡಿಸಿದರು. "ಬಸುರಿಗೆ ಬಸುರಿಯ ಮಾತ್ರೆ, ಕೂಸಿಗೆ ಕೂಸಿನ ಹನಿ. ನಮ್ಮಂಥ ಮುದುಕೀರಿಗೆ ಮಾತ್ರ ಸರ್ಕಾರದೋರು ಏನೂ ಕೊಡಲ್ಲ ನೋಡು" ಎಂದು ಅಂಗನವಾಡಿಯವಳನ್ನು ಛೇಡಿಸಿದರು. ಅವಳೂ ನಕ್ಕಳು.

ಸಂಜೆ ಅವನಿಗೆ ಮೊಸರನ್ನ ಕಲಸಿ ಬಾಗಿಲಲ್ಲಿ ಕೂರಿಸಿಕೊಂಡು ಉಣ್ಣಿಸುತ್ತಿದ್ದರು. ಅವನಿಗೆ ಮಾತು ಬಂದ ಮೇಲೆ ಮೊದಲ ತುತ್ತು ಕೊಟ್ಟು, "ಉಪ್ಪು ಸರಿ ಇದೆಯೇನೋ?" ಎಂದು ಕೇಳುವುದು ವಾಡಿಕೆ. ಅವನು ದೊಡ್ಡ ಮನುಷ್ಯನ ಹಾಗೆ ತಲೆದೂಗಬೇಕು, ಆಮೇಲೆ ಊಟ. ಮಗುವಿನ ಜೊತೆ ಆಟ ಎಂದುಕೊಂಡಿದ್ದೆ. ಮಡಿಯಲ್ಲಿ ಒಬ್ಬರೇ ಬೇಯಿಸಿ ಒಬ್ಬರೇ ಉಣ್ಣುವವರ ಎಲೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಯಾರು ನೋಡುತ್ತಾರೆ.

ಅವನು ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಅವರಲ್ಲಿ ಏನೋ ಬದಲಾಗತೊಡಗಿತ್ತು. ಮೊದಲು ನಾಲಿಗೆ. ಖಾರ ಸೋಕಿದರೆ ಉರಿ ಎನ್ನುತ್ತಿದ್ದರು. ಆಮೇಲೆ ಕಾಲು ಜೋಮು. ಒಂದು ದಿನ ದೇವಸ್ಥಾನದಿಂದ ಒಂದೇ ಕಾಲಿನ ಚಪ್ಪಲಿಯಲ್ಲಿ ಬಂದರು. "ಇನ್ನೊಂದೆಲ್ಲಿ ಮೇಷ್ಟ್ರಮ್ಮ?" ಎಂದೆ. ಬಗ್ಗಿ ನೋಡಿಕೊಂಡರು. ಚಪ್ಪಲಿ ಕಳಚಿಹೋದದ್ದು ಕಾಲಿಗೆ ತಿಳಿದೇ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಆಮೇಲೆ ಮರೆವು. ಒಂದೇ ಮಾತನ್ನು ಮೂರು ಸಲ ಕೇಳುವುದು. ಹಾಡುತ್ತಾ ಹಾಡುತ್ತಾ ನಿಂತುಬಿಡುವುದು, ಮುಂದಿನ ಸಾಲು ಸಿಗದೆ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು. ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು, ಹೆಪ್ಪಿನ ಬಟ್ಟಲನ್ನು ಅವ್ವನೇ ಕದ್ದಳು ಎಂದು ಕೂಗಿದರು. ಬಟ್ಟಲು ಅವರ ಕೈಯಲ್ಲೇ ಇತ್ತು. ಊರಿಂದ ನನ್ನನ್ನು ನೋಡಲು ಬಂದಿದ್ದ ಅವ್ವ ಸಿಟ್ಟಾಗಲಿಲ್ಲ. ಒಳಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಮ್ಮಾರು ಅಮ್ಮಾರಂಗಿಲ್ಲ ಕಣವ್ವ. ಯಾವ್ದೋ ಗಾಳಿ ಸೋಕದೆ" ಎಂದಳು. ಅವರು ಬರುವುದು ಕಂಡರೆ ಮಗ ನನ್ನ ಹಿಂದೆ ಅಡಗತೊಡಗಿದ. ನನಗೂ ಹೆದರಿಕೆಯೇ. ಅವರಿಗೆ ಹೆದರುತ್ತಿದ್ದೆನೋ ಅವರಿಗಾಗಿ ಹೆದರುತ್ತಿದ್ದೆನೋ ಹೇಳಲಾರೆ, ಎರಡೂ ಕಲಸಿಹೋಗಿದ್ದವು.

ಎಲ್ಲಕ್ಕಿಂತ ಭಯವಾದದ್ದು ಅವರು ದೇವರ ಮುಂದೆ ಬಿದ್ದ ದಿನ. ದೀಪ ಹಚ್ಚಿ, ಕೈ ಮುಗಿದು, ಕಣ್ಣು ಮುಚ್ಚಿದ್ದಾರೆ. ಮುಚ್ಚಿದ್ದೇ ತಡ, ಕಂಬ ಕಿತ್ತ ಹಾಗೆ ಓಲಾಡಿ ಮುಂದಕ್ಕೆ ಬಿದ್ದರು. ದೀಪದ ಎಣ್ಣೆ ಚೆಲ್ಲಿ ಸೆರಗಿನ ಅಂಚಿಗೆ ಉರಿ ತಾಗಿತು. ಸದ್ದು ಕೇಳಿ ಓಡಿಹೋದವಳು ಮಡಿ ಮೈಲಿಗೆ ನೋಡದೆ ಕೊಡದ ನೀರು ಸುರಿದೆ. ಅವರು ನೆನೆದು ಕೂತು, ಎಳೆ ಮಗುವಿನ ಹಾಗೆ ನನ್ನನ್ನು ನೋಡಿದರು. "ಇದು ಎಷ್ಟು ದಿನದಿಂದ?" ಎಂದೆ. "ಕಣ್ಣು ಬಿಟ್ಕೊಂಡಿದ್ರೆ ನಿಂತ್ಕೋತೀನಿ ಕಣೇ. ಮುಚ್ಚಿದ್ರೆ ಕೆಳಗೆ ನೆಲವೇ ಇರಲ್ಲ" ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ದೇವರೇ ನನ್ನ ಎದುರಿಗೆ ನಿಲ್ಲಬೇಡ ಅಂತಿದಾನೆ" ಎಂದರು. ವಠಾರದಲ್ಲೂ ಅದೇ ಮಾತು ಶುರುವಾಯಿತು. ಕಾಶಿಗೆ ಹೋಗಿಬಂದವರಿಗೆ ಹೀಗಾಗಬಾರದು, ಎಲ್ಲೋ ಏನೋ ತಪ್ಪಿರಬೇಕು ಎಂದು.

ಹೊಳೆನರಸೀಪುರದ ಡಾಕ್ಟರು ವಯಸ್ಸಾಯಿತು ಎಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ನನಗೆ ಸಮಾಧಾನವಾಗಲಿಲ್ಲ. ಅರವತ್ತೈದು ದಾಟದವರಿಗೆ ಎಂಥ ವಯಸ್ಸು. ನಾನು, ಅವ್ವ, ಮಗ ಸೇರಿ ಅವರನ್ನು ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ನರಗಳ ಡಾಕ್ಟರು ಸಣ್ಣ ವಯಸ್ಸಿನವರು, ಮಾತು ಕಡಿಮೆ. ನಾಲಿಗೆ ನೋಡಿದರು. ನುಣ್ಣಗೆ ಕೆಂಪಗಿತ್ತು. ಒಂದು ಕಬ್ಬಿಣದ ಕವೆಯನ್ನು ಮಿಡಿದು ಕಾಲಿಗೆ ಇಟ್ಟು, ಅದರ ನಡುಕ ಗೊತ್ತಾಗುತ್ತಾ ಎಂದು ಕೇಳಿದರು. ಆಮೇಲೆ, "ಎರಡೂ ಪಾದ ಜೋಡಿಸಿ ನಿಂತ್ಕೊಳಿ ಅಮ್ಮ. ಈಗ ಕಣ್ಣು ಮುಚ್ಚಿ" ಎಂದರು. ಅವರು ಮುಚ್ಚಲಿಲ್ಲ. ಡಾಕ್ಟರನ್ನೇ ದಿಟ್ಟಿಸುತ್ತಾ ನಿಂತರು. "ನಾನು ಹಿಡ್ಕೋತೀನಿ, ಮುಚ್ಚಿ" ಎಂದು ನಾನು ಹಿಂದೆ ಹೋಗಿ ಕೈ ಚಾಚಿದೆ. ಮುಚ್ಚಿದರು. ಅವರ ಭಾರ ಪೂರ್ತಿ ನನ್ನ ಕೈಗೆ ಬಂತು. ಎಷ್ಟು ಹಗುರವಾಗಿಬಿಟ್ಟಿದ್ದರು...

ರಕ್ತ ಪರೀಕ್ಷೆಯಾಯಿತು. ಬಿ-12 ಎಂಬ ವಿಟಮಿನ್ ಇಲ್ಲವೇ ಇಲ್ಲ ಎಂದರು ಡಾಕ್ಟರು. ನರ ಒಣಗುತ್ತಿದೆ, ಮರೆವೂ ಅದರಿಂದಲೇ. ಇನ್ನೂ ತಡಮಾಡಿದ್ದರೆ ಕಾಲು ಪೂರ್ತಿ ಹೋಗುತ್ತಿತ್ತು, ಈಗಲೂ ಎಷ್ಟು ವಾಪಸು ಬರುತ್ತೆ ಹೇಳಲಾರೆ, ಇಂಜೆಕ್ಷನ್ ಇವತ್ತೇ ಶುರು ಮಾಡಬೇಕು ಎಂದರು. ಗಾಳಿಯಲ್ಲ, ದೋಷವಲ್ಲ, ಒಂದು ವಿಟಮಿನ್. ನನಗೆ ನಗು ಅಳು ಒಟ್ಟಿಗೇ ಬಂತು.

ಆಗ ನರ್ಸು ತಂದದ್ದು ಆ ಕೆಂಪು ಔಷಧಿ.

ಮೇಷ್ಟ್ರಮ್ಮ ತೋಳು ಹಿಂದೆಳೆದುಕೊಂಡರು. "ಇದೇನಿದು, ರಕ್ತ?" ಎಂದರು. ಅಲ್ಲ ಎಂದಳು ನರ್ಸು. "ನಂಗೆ ಗೊತ್ತು. ನಮ್ಮ ಕಾಲದಲ್ಲಿ ರಕ್ತ ಇಲ್ದೋರಿಗೆ ಲಿವರ್ ಇಂಜೆಕ್ಷನ್ ಅಂತ ಚುಚ್ಚೋರು. ಪ್ರಾಣಿ ಲಿವರ್‌ನಿಂದ ಮಾಡಿದ್ದು. ನಮ್ಮತ್ತಿಗೆ ಅದು ಬೇಡ ಅಂತಲೇ ಪ್ರಾಣ ಬಿಟ್ಟಳು." ದನಿ ಏರತೊಡಗಿತು. ನರ್ಸಿಗೆ ದಿಕ್ಕು ತೋಚಲಿಲ್ಲ. ಆಗ ಅವ್ವ, ಮಡಿಯವರಿಗೆ ಯಾವುದು ಆಗುತ್ತೆ ಯಾವುದು ಆಗಲ್ಲ ಎಂದು ತನಗೆ ಚೆನ್ನಾಗಿ ಗೊತ್ತು ಎಂಬ ಧೈರ್ಯದ ಮೇಲೆ, ಮುಂದೆ ಬಂದಳು.

"ಎದ್ರಬ್ಯಾಡಿ ಅಮ್ಮಾರೆ. ಮಾಂಸುದ್ದಲ್ಲ ಇದು. ಸುದ್ದ ಹಾಲ್ನಿಂದ ತಗ್ದಿರದು ಕಣಿ. ಅಸಿನ್ ಹಾಲು."

ಅವ್ವ ಹೇಳಿದ್ದು ಅಪ್ಪಟ ಸುಳ್ಳು. ಒಳ್ಳೆಯದಕ್ಕೇ ಹೇಳಿದ ಸುಳ್ಳು. ಇದಕ್ಕಿಂತ ಮಡಿಯಾದದ್ದು ಇನ್ನೇನಿದೆ ಎಂದು ನಾನೂ ಉಸಿರು ಬಿಟ್ಟೆ. ಮೇಷ್ಟ್ರಮ್ಮ ಮಾತ್ರ ಹಾವು ತುಳಿದವರ ಹಾಗೆ ಎದ್ದು ನಿಂತರು. ನಿಲ್ಲಲಾರದೆ ಗೋಡೆ ಹಿಡಿದರು.

"ಹಾಲಿನದಾ? ಹಾಲಿನದಾದ್ರೆ ಬೇಡವೇ ಬೇಡ. ಹಾಲು, ಮೊಸರು, ತುಪ್ಪ ಮೂರೂ ನಾನು ಕಾಶಿಯಲ್ಲಿ ಬಿಟ್ಟು ಬಂದಿದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವಾಗ ಬಿಟ್ರಿ ಅಮ್ಮ?" ಎಂದರು. ಅವರು ನನ್ನ ಮಗನ ಕಡೆ ನೋಡಿ, "ಇವನು ಹೊಟ್ಟೇಲಿದ್ದಾಗ" ಎಂದರು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮಾಂಸ, ಮೊಟ್ಟೆ ತಿನ್ನದವರಿಗೆ ಈ ವಿಟಮಿನ್ ಸಿಗುವ ದಾರಿ ಹಾಲು ಮೊಸರು ಒಂದೇ. ಸೊಪ್ಪು, ಕಾಳು ಎಷ್ಟು ತಿಂದರೂ ಇಲ್ಲ. ಮೈಯಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಸುತ್ತೆ, ಆಮೇಲೆ ಖಾಲಿ. ವಯಸ್ಸಾದಂತೆ ಮೈ ಹೀರಿಕೊಳ್ಳುವುದೂ ಕಡಿಮೆ. ಅವ್ವನ ಮಾತನ್ನೂ ಸರಿಪಡಿಸಿದರು. "ಇದು ಮಾಂಸವೂ ಅಲ್ಲ, ಹಾಲೂ ಅಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನ ದೊಡ್ಡ ದೊಡ್ಡ ಪಾತ್ರೆಯಲ್ಲಿ ಬೆಳೆಸಿ ತೆಗೀತಾರೆ. ನೀವು ಹೆಪ್ಪು ಹಾಕ್ತೀರಲ್ಲ, ಹಾಗೆ ಅಂದ್ಕೊಳಿ."

"ಈ ಹೆಪ್ಪನ್ನೂ ಹಾಲಿಗೇ ಹಾಕ್ತಾರಾ?"

"ಇಲ್ಲಮ್ಮ. ಹಾಲಿಗಲ್ಲ."

ಹೆಪ್ಪಿನ ವಿಷಯ ಅವರಿಗೆ ತಿಳಿಯದ್ದೇನಲ್ಲ. ಕೊನೆಗೆ ಸೆರಗು ಸರಿಸಿ ತೋಳು ಚಾಚಿದರು. ಆ ಕೆಂಪು ಒಳಗೆ ಹೋಗುವವರೆಗೂ ಸೂಜಿಯನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತೆ, ಮಗ ನನ್ನ ತೊಡೆಯ ಮೇಲೆ. ಅವ್ವ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಯಾಕೆ ಬಿಟ್ಟಿರಿ ಎಂದು ಕೇಳಿದೆ. "ನೀನು ಆವತ್ತು ಅಳ್ತಿದ್ಯಲ್ಲ" ಎಂದರು. "ಬಾಗಿಲಲ್ಲಿ ನಿಂತಿದ್ದೆ, ಏನ್ ಹೇಳಕ್ಕೂ ಬಾಯಿ ಬರಲಿಲ್ಲ. ಗಂಗೇಲಿ ಮುಳುಗಿ ಎದ್ದಾಗ, ನಂಗೆ ತುಂಬ ಇಷ್ಟವಾಗಿದ್ದು ಏನಿದೆ ಅಂತ ನೋಡಿದೆ. ಇದೇ ಇದ್ದದ್ದು. ತಗೋಪ್ಪ, ಆ ಹುಡುಗಿಗೆ ಮಗು ಉಳಿಸ್ಕೊಡು ಅಂತ ಬಿಟ್ಟೆ."

ಹಿಂದಿನಿಂದ ಬಿಸಿಲು ಬಿದ್ದು ಅವರ ಬೋಳು ತಲೆಯ ಮೇಲಿನ ಸೆರಗು ಹೊಳೆಯುತ್ತಿತ್ತು. ಅಷ್ಟೂ ವರ್ಷ ವಠಾರಕ್ಕೆಲ್ಲ ಮೊಸರು ಕೊಟ್ಟು, ನನ್ನ ಮಗನಿಗೆ ದಿನಾ ಕಲಸಿ ಉಣ್ಣಿಸಿ, ಉಪ್ಪು ನೋಡಲು ಕೂಡ ಬೆರಳು ನೆಕ್ಕಿರಲಿಲ್ಲ. ಹೇಳಲೇಬೇಕಾದ ಮಾತೊಂದು ಉಳಿದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೇಗಾದರೂ ಒಪ್ಪಿಸಿ, ಹಾಲು ಮೊಸರೂ ಶುರುವಾದರೆ ಬೇಗ ಸುಧಾರಿಸುತ್ತಾರೆ ಎಂದಿದ್ದರು. ಹೇಳಿದೆ. "ಮಗ ಹುಟ್ಟಿ ಆಯ್ತಲ್ಲ ಮೇಷ್ಟ್ರಮ್ಮ. ಹರಕೆ ಮುಗೀತು. ಇನ್ನು ಮೊಸರು ತಿನ್ನಿ. ಏನೂ ಆಗಲ್ಲ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ಮಗನ ಕಾಲನ್ನು ಆ ಕೈ ಉಗುರು ನೆಡುವ ಹಾಗೆ ಹಿಡಿದುಕೊಂಡಿತ್ತು. ಅವನು ನೋಯುತ್ತೆ ಎಂದು ಕೊಸರಾಡುತ್ತಿದ್ದುದೂ ನನಗೆ ತಿಳಿದಿರಲಿಲ್ಲ.

"ಬಾಯಿ ತಿನ್ನು ಅಂತಿದೆ, ಕೈ ಬೇಡ ಅಂತಿದೆ" ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. "ನಿನ್ ಕೈ ಹೇಳಿದ್ದೇ ಸರಿ ಕಣೇ. ನಂಗೂ ಅಷ್ಟೇ ಭಯ. ಸೂಜಿ ಇದೆಯಲ್ಲ, ಅದ್ರಲ್ಲೇ ನಡೀಲಿ."

ಸೂಜಿಯಲ್ಲೇ ನಡೆಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಸರದಿ ತಿರುಗಿತ್ತು, ಈಗ ಅವರ ಹಿಂದೆ ಬೀಳುವವಳು ನಾನು. ನಾಲಿಗೆಯ ಉರಿ ಮೊದಲು ಹೋಯಿತು. ಮಾತು ತಿಳಿಯಾಯಿತು. ಅವ್ವ ಮತ್ತೆ ಊರಿಂದ ಬಂದಾಗ ಅವರೇ ನಮ್ಮ ಹೊಸ್ತಿಲಿಗೆ ಬಂದು, "ಬಟ್ಟಲು ಕದ್ದೆ ಅಂದೆನಂತಲ್ಲ ನಿನ್ನ. ಬುದ್ಧಿ ನೆಟ್ಟಗಿರಲಿಲ್ಲ ಕಣಮ್ಮ" ಎಂದರು. "ಬುಡಿ ಅಮ್ಮಾರೆ, ನಾ ಯೋಳಿದ್ ಸುಳ್ಳು ಏನ್ ಕಮ್ಮಿನಾ" ಎಂದಳು ಅವ್ವ. ಇಬ್ಬರೂ ನಕ್ಕರು. ಕಾಲ್ಬೆರಳ ಜೋಮು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಕರೆದರು. ದೇವರ ಗೂಡಿನ ಮುಂದೆ ದೀಪ ಹಚ್ಚಿತ್ತು. "ಹಿಂದೆ ನಿಂತ್ಕೋ" ಎಂದರು. ಸೆರಗು ಬಿಗಿಯಾಗಿ ಸುತ್ತಿಕೊಂಡು, ಕೈ ಮುಗಿದು, ಕಣ್ಣು ಮುಚ್ಚಿದರು. ನಾನು ಎರಡೂ ಕೈ ಚಾಚಿ ಉಸಿರು ಬಿಗಿಹಿಡಿದು ನಿಂತೆ. ಸ್ವಲ್ಪ ತೂಗಿದರು. ಮತ್ತೆ ನೆಟ್ಟಗಾದರು. ಮೆಲ್ಲಗೆ ಹಾಡತೊಡಗಿದರು, ಎಲ್ಲೂ ಸಾಲು ತಪ್ಪಲಿಲ್ಲ. ಮುಗಿಸಿದ ಮೇಲೂ ಕಣ್ಣು ತೆರೆಯದೆ, "ಕೈ ಇಳಿಸೇ. ನಿಂತಿದೀನಿ" ಎಂದರು.

ಅವರು ತೀರಿಕೊಂಡದ್ದು ಎಷ್ಟೋ ವರ್ಷದ ಮೇಲೆ, ಎದೆಯ ಕಾಯಿಲೆಯಿಂದ. ಮಗನಿಗೆ ಆಗ ಮೀಸೆ ಚಿಗುರುತ್ತಿತ್ತು. ಹೋಗುವ ದಿನ ಮೊಸರನ್ನ ಉಂಡೇ ಹೋಗುತ್ತೇನೆ ಎಂದಿದ್ದವರು... ಕೊನೆಯ ಗಳಿಗೆಯಲ್ಲಿ ಅವ್ವ ತನ್ನ ರೂಢಿಯಂತೆ ಬಾಯಿಗೆ ಬಿಡಲು ಹಾಲಿನ ಚಮಚ ತಂದಳು. ಪ್ರಾಯದವರಿಗೇ ಮರೆಯುತ್ತದೆ, ಅವಳಿಗೂ ವಯಸ್ಸಾಗಿತ್ತು. ಕಣ್ಣು ತೆರೆಯಲಾರದ ಮೇಷ್ಟ್ರಮ್ಮನ ತುಟಿ ಹಾಲಿನ ವಾಸನೆಗೆ ಬಿಗಿಯಾಗಿ ಮುಚ್ಚಿಕೊಂಡಿತು. ನಾನು ನಿಂತಲ್ಲೇ ಮರಗಟ್ಟಿದೆ. "ಅಜ್ಜಿ ಹಾಲು ಕುಡಿಯಲ್ಲ, ನಿಂಗೊತ್ತಿಲ್ವಾ" ಎಂದು ಮಗ ಚಮಚ ಕಿತ್ತುಕೊಂಡು, ದೇವರ ಗೂಡಿನಿಂದ ಗಂಗೆಯ ಗಿಂಡಿ ತಂದು ನೀರು ಬಿಟ್ಟ. ತುಟಿ ತೆರೆಯಿತು. ಅದು ಯಾರಿಗಾಗಿ ಬಿಟ್ಟ ಹಾಲು ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಇವತ್ತಿಗೂ ಹೇಳಿಲ್ಲ.

ಎಲ್ಲ ಮುಗಿದು ಮನೆಯಲ್ಲಿ ಊಟಕ್ಕೆ ಕೂತ ದಿನ ಅವ್ವ ಮೊಸರು ಬಡಿಸಿದಳು. ಮೇಷ್ಟ್ರಮ್ಮನ ಹೆಪ್ಪಿನದೇ ಮೊಸರು. ಕಲಸಲು ಹೋದ ಕೈ ನಿಂತಿತು. ಹರಕೆ ಹೊತ್ತವರು ಹೋದ ಮೇಲೆ ಆ ಹರಕೆ ಏನಾಗುತ್ತದೆ?... ಯಾರನ್ನು ಕೇಳುವುದು. ಕೇಳಿ ಅವರು ಏನೋ ಹೇಳಿ, ಅದು ಸುಳ್ಳಾದರೆ? ಎಲೆಯ ಅಂಚಿಗೆ ಮೊಸರನ್ನು ಸರಿಸಿದೆ. ಆವತ್ತಿನಿಂದ ನಾನೂ ಹಾಲು, ಮೊಸರು, ತುಪ್ಪ ಮುಟ್ಟಿಲ್ಲ. ಕಾಶಿಗೆ ಹೋಗಿಲ್ಲ, ಗಂಗೆಯಲ್ಲಿ ಮುಳುಗಿಲ್ಲ, ಬರೀ ಹೆದರಿಕೆಯಿಂದ ಬಿಟ್ಟವಳು. ಅವರ ದೆಸೆಯಿಂದ ಮಾತ್ರೆಯ ವಿಷಯ ಗೊತ್ತಿತ್ತು, ನುಂಗುತ್ತಿದ್ದೆ. ನಡುವೆ ಒಂದೆರಡು ವರ್ಷ ಗಂಡನ ಆಪರೇಷನ್ನು, ಅವ್ವನ ಸಾವು ಎಂದು ಮರೆತೆ. ಈಗ ಅಂಗಾಲು ಜೋಮು.

"ಹಾಲು ಮೊಸರು ತಗೋತೀರಲ್ವಾ?" ಎಂದು ಮೊನ್ನೆ ಡಾಕ್ಟರು ಕೇಳಿದಾಗ, "ಒಗ್ಗಲ್ಲ" ಎಂದೆ. ಈ ವಯಸ್ಸಿಗೆ ಕ್ಯಾಲ್ಸಿಯಂ ಬೇಕು, ಡಿ ಬೇಕು, ಬಿ-12 ಬೇಕು ಎಂದು ಬರೆದುಕೊಟ್ಟು, ಸ್ವಲ್ಪ ಮೊಸರಾದರೂ ತಿನ್ನಿ ಎಂದರು. ಮಗ ಚನ್ನರಾಯಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇಟ್ಟಿದ್ದಾನೆ. ಅವನ ಹೆಂಡತಿಗೆ ಈಗ ಐದು ತಿಂಗಳು. ದಿನಾ ಊಟದ ಹೊತ್ತಿಗೆ ನಾನು ಫೋನು ಮಾಡಿ, "ಮಾತ್ರೆ ನುಂಗಿದ್ಯಾ?" ಎಂದು ಕೇಳುತ್ತೇನೆ. ನಿನ್ನೆ ಫೋನನ್ನು ಮಗ ತೆಗೆದುಕೊಂಡ. "ಅಮ್ಮಾ, ಅವಳನ್ನ ಬಿಡು. ಮೊಸರು ತಿನ್ನು ಅಂದ್ರಂತಲ್ಲ ಡಾಕ್ಟ್ರು ನಿಂಗೆ. ತಿಂದ್ಯಾ?"

"ತಿಂದೆ ಕಣಪ್ಪ" ಎಂದೆ.

ಇವತ್ತು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಪಾದ ಜೋಡಿಸಿ, ಕಣ್ಣು ಮುಚ್ಚಿ ನೋಡಿದೆ. ಮೈ ಸ್ವಲ್ಪ ತೂಗಿತು. ಗೋಡೆ ಹಿಡಿಯಲಿಲ್ಲ. ಹಿಂದೆ ಕೈ ಚಾಚಿ ಅವರು ನಿಂತಿದ್ದಾರೆ ಎಂದುಕೊಂಡು, ಆದಷ್ಟು ಹೊತ್ತು ಹಾಗೆಯೇ ನಿಂತಿದ್ದೆ. ಆಮೇಲೆ ಕಣ್ಣು ಬಿಟ್ಟು ತಿರುಗಿ ನೋಡಿದೆ. ಯಾರೂ ಇರಲಿಲ್ಲ.